ಜಾಗ ಬಿಟ್ಟು ಕದಲದ ಅಕ್ಷರಗಳು

ಮೂವತ್ತೊಂದು ವರ್ಷ ಆ ದೊಡ್ಡಾಸ್ಪತ್ರೆಗೆ ಫೋನ್ ಮಾಡಿದವರೆಲ್ಲ ಮೊದಲು ಕೇಳುತ್ತಿದ್ದುದು ಆಕೆಯ ದನಿಯನ್ನೇ. ಮುಖ ಕಂಡವರು ಕಡಿಮೆ. ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿನ, ಫೋನ್ ಜೋಡಿಸುವ ಹಲಗೆಯ ಗುಂಡಿಗಳ ಮೇಲೆ ಬೆರಳಾಡಿಸುತ್ತ ಕೂತಿರುತ್ತಿದ್ದಳು. ಆದರೂ ಹಣ್ಣಿನಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ಪಕ್ಕದಲ್ಲಿದ್ದವರು ತಿರುಗಿ ನೋಡಿ, "ನೀವು ಆಸ್ಪತ್ರೆ ಎಕ್ಸ್‌ಚೇಂಜ್‌ನವರಲ್ವಾ? ನಮ್ಮಪ್ಪನಿಗೆ ಜಾಸ್ತಿಯಾಗಿದ್ದಾಗ ಡಾಕ್ಟರನ್ನ ಹುಡುಕಿಕೊಟ್ಟೋರು ನೀವೇ" ಎನ್ನುತ್ತಿದ್ದರು. ಹೀಗೆ ಎಕ್ಸ್‌ಚೇಂಜ್ ಅಕ್ಕ ಎಂಬ ಹೆಸರು ಅವಳಿಗೆ ಅಂಟಿಕೊಂಡಿತು. ಕೊನೆಗೆ ಗಂಡನೂ ಯಾರಾದರೂ ವಿಳಾಸ ಕೇಳಿದರೆ "ಎಕ್ಸ್‌ಚೇಂಜ್ ಅಕ್ಕನ ಮನೆ ಅನ್ನಿ, ತೋರಿಸ್ತಾರೆ" ಎನ್ನತೊಡಗಿದ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಅವಳ ಗಂಟಲಲ್ಲಿ ಗಡ್ಡೆ ಎದ್ದಿತು. ಅದೇ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ರಂಧ್ರ, ಅದಕ್ಕೊಂದು ಮೆತ್ತನೆಯ ನಳಿಕೆ. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವನ್ನೂ ಕೊಟ್ಟು ನೋಡಿದರು; ಅವಳ ಬಾತ ಕತ್ತಿಗೆ ಅದು ಒಗ್ಗಲಿಲ್ಲ.

ಮೊದಲು ಮನೆಗೆ ಸ್ಲೇಟು ಬಂತು. ಗಂಡ ಗಡಿಯಾರ ರಿಪೇರಿಯವನು, ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತನೆಂದರೆ ಅವನ ಲೋಕ ಅಂಗೈಯಷ್ಟೂ ಅಗಲವಿಲ್ಲ. ಅಕ್ಕ ಸ್ಲೇಟು ಹಿಡಿದು ಎದುರಿಗೆ ನಿಂತರೂ ಅವನಿಗೆ ಕಾಣದು. ಅವಳು ಮೇಜು ತಟ್ಟಬೇಕು, ಅವನು ಭೂತಗನ್ನಡಿ ತೆಗೆಯಬೇಕು, ಕನ್ನಡಕ ಹುಡುಕಬೇಕು, ಆಮೇಲೆ ಓದಬೇಕು: 'ಕುಕ್ಕರ್ ಕೂಗ್ತಿದೆ, ನನ್ನ ಕೈ ಒದ್ದೆ, ಆರಿಸಿ.'

"ಇಷ್ಟು ಬರೆಯೋಕೆ ಕೈ ಒರೆಸ್ಕೊಂಡೆ ತಾನೇ? ಅಷ್ಟರಲ್ಲಿ ನೀನೇ ಆರಿಸಬಹುದಿತ್ತಲ್ಲೇ" ಎಂದು ಅವನು ನಕ್ಕರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದದ್ದನ್ನು ಹೇಳೋಣವೆಂದರೆ ಸ್ಲೇಟು ಒರೆಸಿ ಮತ್ತೆ ಬರೆಯಬೇಕು. ಅಷ್ಟರಲ್ಲಿ ಸಿಟ್ಟೂ ಹಳಸಿಹೋಗಿರುತ್ತಿತ್ತು.

ಮೂರನೆಯ ತಿಂಗಳಿಗೆ ಆಸ್ಪತ್ರೆಯ ಮಾತಿನ ತರಬೇತಿಯ ಟೀಚರು ಒಂದು ಟ್ಯಾಬ್ ಕೊಡಿಸಿದರು. ಅಕ್ಷರ ಒತ್ತಿ ಬರೆದರೆ ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಅದರ ಕೀಬೋರ್ಡ್ ನೋಡಲು ಚೆಲುವೋ ಚೆಲುವು. ಮಂಜಿನಂಥ ಬಿಳಿ ಹಿನ್ನೆಲೆ, ಅದರ ಮೇಲೆ ಬೂದು ಬಣ್ಣದ ಸಣಕಲು ಅಕ್ಷರಗಳು, ಒಂದಕ್ಕೊಂದರ ನಡುವೆ ಗೆರೆಯಿಲ್ಲ, ಗಡಿಯಿಲ್ಲ. ಬೆರಳು ತಾಗಿದರೆ ಅಕ್ಷರ ನೀರಗುಳ್ಳೆಯಂತೆ ಉಬ್ಬಿ ಮಾಯವಾಗುತ್ತಿತ್ತು. ಒಂದು ವ್ಯಂಜನ ಒತ್ತಿದರೆ ಸಾಕು, ಮೇಲಿನ ಸಾಲಿನ ಸ್ವರಗಳೆಲ್ಲ ಎದ್ದು ಹೋಗಿ ಆ ವ್ಯಂಜನದ ಕಾಗುಣಿತ ಬಂದು ಕೂರುತ್ತಿತ್ತು. ಅದರ ಮೇಲೆ ಇನ್ನೊಂದು ಪಟ್ಟಿ. ನೀವು ಹೇಳಲಿರುವುದು ಇದೇ ಇರಬೇಕು ಎಂದು ಊಹಿಸಿ ಮೂರು ಪದ ಮುಂದಿಡುವುದು ಅದರ ಕೆಲಸ. ಮೂರೂ ಗಳಿಗೆಗೊಂದು ಸಲ ಬದಲು.

ಮೊದಲ ವಾರವೇ ಹಾಲಿನವನ ಪ್ರಸಂಗ ನಡೆಯಿತು. ಮೂರು ಪ್ಯಾಕೆಟ್ ಹಾಲು ದಿನವೂ ಉಳಿಯುತ್ತಿದ್ದುದರಿಂದ, "ನಾಳೆಯಿಂದ ಎರಡು ಹಾಲು ಸಾಕು" ಎಂದು ಹೇಳಲು ಅಕ್ಕ ಬಾಗಿಲಲ್ಲಿ ನಿಂತು ಬರೆಯಹೊರಟಳು. 'ಹ' ಒತ್ತಿ 'ಹಾ' ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಬೆರಳು ಜಾರಿತು. ಉಳಿದದ್ದನ್ನು ಕೀಬೋರ್ಡೇ ತಿದ್ದಿಕೊಂಡಿತು. ಟ್ಯಾಬಿನೊಳಗಿನ ಹೆಣ್ಣುದನಿ ಬೀದಿಗೆಲ್ಲ ಕೇಳುವಂತೆ, "ನಾಳೆಯಿಂದ ಎರಡು ಹಲ್ಲು ಸಾಕು" ಎಂದಿತು.

ಹಾಲಿನವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. "ಅಕ್ಕಾ, ನಾನೇನು ತಪ್ಪು ಮಾಡ್ದೆ?"

ಒಳಗೆ ಗಂಡ ನಗು ತಡೆಯಲಾರದೆ ಕೈಲಿದ್ದ ಸಣ್ಣ ತಿರುಪು ಕಳೆದುಕೊಂಡ. ಅಕ್ಕನೂ ನಕ್ಕಳು. ದನಿಯಿಲ್ಲದ ನಗು, ಹೆಗಲೆರಡು ಕುಣಿದವು ಅಷ್ಟೇ.

ಎಲ್ಲವೂ ನಗುವ ಸಂಗತಿಯಾಗಿರಲಿಲ್ಲ. ಒಂದು ಮಧ್ಯಾಹ್ನ ಧೈರ್ಯ ಮಾಡಿ ತಂಗಿಗೆ ಫೋನ್ ಹಚ್ಚಿದಳು. ತಂಗಿ ದೂರದ ಊರಿನಲ್ಲಿ ಮಕ್ಕಳಿಗೆ ಈಜು ಕಲಿಸುವವಳು, ಯಾವಾಗಲೂ ಅವಸರದವಳು. ಯಾರ ನಂಬರೆಂದೂ ನೋಡದೆ "ಹಲೋ, ಹಲೋ" ಎಂದಳು. ಅಕ್ಕ ಬರೆಯುತ್ತಲೇ ಇದ್ದಳು. "ಯಾರ್ರೀ ಅದು? ಫೋನ್ ಮಾಡಿ ಉಸಿರು ಬಿಡ್ತಾ ಕೂರೋಕೆ ನಾಚಿಕೆ ಆಗಲ್ವಾ?" ಎಂದು ತಂಗಿ ಫೋನಿಟ್ಟಳು. ಆಮೇಲೆ ಟ್ಯಾಬ್, "ನಾನು ಕಣೇ, ಅಕ್ಕ" ಎಂದು ಖಾಲಿ ಕೋಣೆಗೆ ಹೇಳಿತು. ಜೀವಮಾನವಿಡೀ ಊರವರ ಫೋನು ಜೋಡಿಸಿದವಳಿಗೆ ಒಡಹುಟ್ಟಿದವಳ ಜೊತೆ ತನ್ನ ಫೋನನ್ನೇ ಜೋಡಿಸಲಾಗಲಿಲ್ಲ.

ಅದಕ್ಕಿಂತ ಕೆಟ್ಟದ್ದು ನಳಿಕೆ ಬದಲಿಸುವ ದಿನ ಆಯಿತು. ನರ್ಸು ಒಳ್ಳೆಯವಳೇ, ಕೈಯೂ ಮೆದು. ಆದರೆ ಗಲ್ಲ ಮೇಲೆತ್ತಿ ಮಲಗಿಸಿದರೆ ಕಣ್ಣಿಗೆ ಕಾಣುವುದು ಸೂರು ಮಾತ್ರ. ಟ್ಯಾಬ್ ತೊಡೆಯ ಮೇಲಿತ್ತು. ಎಲ್ಲೋ ಒಳಗೆ ನಳಿಕೆಯ ಅಂಚು ಚುಚ್ಚಿ ಪ್ರಾಣ ಹೋಗುವಷ್ಟು ನೋವಾಯಿತು. ಅಕ್ಕ ಕಾಣದ ಗಾಜಿನ ಮೇಲೆ ಬೆರಳು ಒತ್ತಿದಳು, ಮತ್ತೆ ಒತ್ತಿದಳು. ಟ್ಯಾಬ್ "ಮಮಮ" ಎಂದಿತು. "ಅಮ್ಮನ ನೆನಪಾಯ್ತಾ? ಆಯ್ತು ಆಯ್ತು, ಇನ್ನೊಂಚೂರು" ಎಂದು ನರ್ಸು ಸಮಾಧಾನ ಹೇಳುತ್ತಲೇ ಕೆಲಸ ಮುಗಿಸಿದಳು. ಆಮೇಲೆ ಬಟ್ಟೆಗೆ ಅಂಟಿದ ರಕ್ತ ನೋಡಿ ಅವಳ ಮುಖವೇ ಬಿಳಚಿತು.

ಮನೆಗೆ ಬಂದ ಅಕ್ಕ ಎರಡು ದಿನ ಟ್ಯಾಬ್ ಮುಟ್ಟಲಿಲ್ಲ. ಮೂರನೆಯ ದಿನ ಊಟದ ಮೇಜಿನ ಮುಂದೆ ಕೂತು, ಒಂದೂಕಾಲು ಗಂಟೆ ತೆಗೆದುಕೊಂಡು, ಕೀಬೋರ್ಡ್ ಮಾಡಿದ ಕಂಪನಿಗೆ ದೂರು ಬರೆದಳು. ಅದು ಹೀಗಿತ್ತು: 'ನಿಮ್ಮ ಕೀಬೋರ್ಡ್ ಬಹಳ ಚಂದ ಇದೆ. ನನಗೆ ಅದರಿಂದ ಒಂದು ಮಾತೂ ಆಡಲು ಆಗುತ್ತಿಲ್ಲ. ಮಾಡಿದವರು ಯಾರೋ ಅವರು ಬಂದು ನನ್ನ ಪಕ್ಕ ಕೂತು ನೋಡಲಿ. ಕಾಫಿ ಕೊಡುತ್ತೇನೆ.' ಟೀಚರು ಅದನ್ನು ಒಂದಕ್ಷರ ತಿದ್ದದೆ ಕಳಿಸಿಕೊಟ್ಟರು.

ಉತ್ತರ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಹತ್ತನೆಯ ದಿನ ಒಬ್ಬ ಹುಡುಗಿಯೇ ಬಂದಳು. ಮೂವತ್ತರ ಒಳಗಿನ ವಯಸ್ಸು, ಕೈಯಲ್ಲಿ ಗೆರೆಯಿಲ್ಲದ ನೋಟ್‌ಬುಕ್ಕು. "ಅಮ್ಮ, ಆ ಕೀಬೋರ್ಡ್ ಮಾಡಿದ್ದು ನಾನೇ. ನೋಡಿ ಹೋಗೋಣ ಅಂತ ಬಂದೆ" ಎಂದಳು. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಆ ಕೀಬೋರ್ಡಿಗೆ ಒಂದು ಬಹುಮಾನ ಬಂದಿತ್ತಂತೆ.

ಮೊದಲ ಅರ್ಧ ಗಂಟೆ ಹುಡುಗಿಯೇ ವಿವರಿಸಿದಳು. ಅಕ್ಷರ ಯಾಕೆ ತೆಳು, ಬಣ್ಣ ಯಾಕೆ ತಿಳಿ, ಮೇಲಿನ ಸಾಲು ಯಾಕೆ ಬದಲಾಗುತ್ತದೆ. "ಕಾಗುಣಿತ ಅಲ್ಲೇ ಬಂದ್ರೆ ಜನಕ್ಕೆ ಒಂದು ಒತ್ತು ಉಳಿಯುತ್ತೆ ಅಮ್ಮ. ನಾವು ಲೆಕ್ಕ ಹಾಕಿದ್ವಿ."

ಅಕ್ಕ ತಲೆಯಾಡಿಸಿದಳು. ಆಮೇಲೆ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು 'ಬೆನ್ನು ನೋಯ್ತಿದೆ, ದಿಂಬು ಕೊಡಿ' ಎಂದು ಬರೆಯಲು ಕೂತಳು. ಒತ್ತಕ್ಷರದ ಗುಂಡಿ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟಿತ್ತು. ಒಂದು ಸಲ ಅದು ತಪ್ಪಿತು, ಒಂದು ಸಲ ಊಹೆಯ ಪಟ್ಟಿ 'ಬೆಣ್ಣೆ' ಎಂದು ತಂದಿಟ್ಟಿತು. ಅಳಿಸಿ ಬರೆದಳು, ಮತ್ತೆ ಅಳಿಸಿದಳು. ಹುಡುಗಿ ಮೊದಲು ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಪೆನ್ನು ನಿಂತಿತು. ಕೊನೆಗೆ ನೋಟ್‌ಬುಕ್ಕನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡು ಆ ಬೆರಳುಗಳನ್ನೇ ನೋಡುತ್ತ ಕೂತಳು. ಟ್ಯಾಬ್ ಮಾತಾಡುವ ಹೊತ್ತಿಗೆ ಕಾಫಿ ಆರಿತ್ತು.

"ಎಷ್ಟು ದಿನದಿಂದ ಹೀಗೆ ಅಮ್ಮ?"

ಅಕ್ಕ ನಾಲ್ಕು ಬೆರಳೆತ್ತಿದಳು. ನಾಲ್ಕು ತಿಂಗಳು.

ಆಮೇಲೆ ಅವಳೊಂದು ಕೆಲಸ ಮಾಡಿದಳು. ಟ್ಯಾಬನ್ನು ಪಕ್ಕಕ್ಕೆ ಸರಿಸಿ, ಕಣ್ಣು ಮುಚ್ಚಿ, ಬರಿ ಮೇಜಿನ ಮೇಲೆ ಹತ್ತು ಬೆರಳಿಟ್ಟು ತನ್ನ ಹಳೆಯ ಹಲಗೆಯ ಗುಂಡಿಗಳನ್ನು ಒತ್ತತೊಡಗಿದಳು. ಬೆರಳು ಎಡಕ್ಕೆ ಹೋಯಿತು, ನಿಂತಿತು; ಬಲಕ್ಕೆ ಹೋಯಿತು, ನಿಂತಿತು. ಎಲ್ಲೂ ತಡಕಾಟವಿಲ್ಲ. ಗಂಡ ಬಾಗಿಲಲ್ಲಿ ನಿಂತಿದ್ದ. "ಅದು ಹೆರಿಗೆ ವಾರ್ಡು. ಅದು ರಕ್ತದ ಬ್ಯಾಂಕು. ಈ ಕಡೇದು ಅಡುಗೆಮನೆ" ಎಂದು ಒಂದೊಂದನ್ನೇ ಹುಡುಗಿಗೆ ಹೇಳಿದ. "ಮನೇಲಿ ನಿದ್ದೇಲೂ ನನ್ನ ಬೆನ್ನ ಮೇಲೆ ಫೋನ್ ಜೋಡಿಸ್ತಿದ್ಲು. ನನಗೂ ಬಾಯಿಪಾಠ ಆಗಿದೆ."

ಅಕ್ಕ ಕಣ್ಣು ತೆರೆದು ಬರೆದಳು. ತಡವಾಯಿತು, ಹುಡುಗಿ ಕಾದಳು. ಟ್ಯಾಬ್ ಹೇಳಿತು: "ಹೆರಿಗೆ ವಾರ್ಡು ಮೂವತ್ತೊಂದು ವರ್ಷ ಜಾಗ ಬಿಟ್ಟು ಕದಲಲಿಲ್ಲ. ನಿನ್ನ 'ಆ' ಅಕ್ಷರ ಒಂದು ನಿಮಿಷ ಕೂತ ಕಡೆ ಕೂರಲ್ಲ."

ಹುಡುಗಿ ಹೋಗುವಾಗ ಕಾಫಿಯನ್ನು ಆರಿದ್ದರೂ ಕುಡಿದೇ ಹೋದಳು.

ಮೂರು ವಾರಕ್ಕೆ ಹೊಸದನ್ನು ತಂದಳು. ಅಕ್ಷರಗಳು ಇಡ್ಲಿಯಷ್ಟು ದೊಡ್ಡವು, ಹಳದಿ ಮೇಲೆ ಕೆಂಪು, ನಾಲ್ಕು ಕಡೆ ಕಪ್ಪು ಪಟ್ಟಿ, ಮೇಲೊಂದು ಆಸ್ಪತ್ರೆಯ ಗುರುತು. ಒಂದೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಹುಡುಗಿ ಶಭಾಸ್‌ಗಿರಿಗಾಗಿ ಕಾದಳು. ಅಕ್ಕ ಅದನ್ನು ಸ್ವಲ್ಪ ಹೊತ್ತು ನೋಡಿ, ಮೊದಲಿಗಿಂತ ಎಷ್ಟೋ ಬೇಗ ಬರೆದಳು: "ಕೆಲಸ ಮಾಡುತ್ತೆ. ಆದರೆ ಇದನ್ನ ಹಿಡ್ಕೊಂಡು ಬೀದಿಗೆ ಹೋಗಲ್ಲ. ನಾನು ಔಷಧಿ ಡಬ್ಬಿ ಅಲ್ಲ."

ಹುಡುಗಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. "ಅಮ್ಮ, ಮೊದಲು ಚಂದ ಜಾಸ್ತಿ ಅಂದ್ರಿ. ಈಗ ಚಂದ ಇಲ್ಲ ಅಂತೀರಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗಂಡ, "ಸ್ವಲ್ಪ ಈ ಕಡೆ ಬಾಮ್ಮ" ಎಂದು ಅವಳನ್ನು ಅಂಗಡಿಗೆ ಕರೆದ. ಡ್ರಾಯರ್ ಎಳೆದು ಹಳೆಯ ಗಡಿಯಾರಗಳ ಮುಖಗಳನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ಒಂದಕ್ಕೆ ಹೂಬಳ್ಳಿ, ಒಂದಕ್ಕೆ ಅಂಕಿಯೇ ಇಲ್ಲ, ಒಂದು ರೈಲು ನಿಲ್ದಾಣದ್ದು. "ಇದು ನೋಡೋಕೆ ಚೆನ್ನ, ಆದ್ರೆ ಟೈಮು ಗೊತ್ತಾಗಬೇಕಾದ್ರೆ ಹತ್ತಿರ ಹೋಗಿ ಬಗ್ಗಬೇಕು. ಇದು ರೈಲಿಂದು. ಓಡ್ತಾ ಬರೋನಿಗೂ ಕಾಣಬೇಕು. ಎಷ್ಟು ಖಾಲಿ ಬಿಟ್ಟಿದಾನೆ ನೋಡು ಅಂಕಿ ಸುತ್ತ. ಆ ಖಾಲಿನೇ ಕೆಲಸ ಮಾಡೋದು. ಇದನ್ನ ಯಾರಾದ್ರೂ ಕುರೂಪ ಅಂದಾರಾ?"

ಹುಡುಗಿ ರೈಲು ಗಡಿಯಾರದ ಮುಖವನ್ನು ಎರಡು ಕೈಯಲ್ಲಿ ಎತ್ತಿಕೊಂಡಳು. ದಂತದ ಬಣ್ಣದ ಮೇಲೆ ಅಚ್ಚ ಕಪ್ಪು ಅಂಕಿಗಳು, ತುದಿಯಲ್ಲಿ ಸ್ವಲ್ಪ ದಪ್ಪ. ಅಂದು ಅವಳು ಸಂಜೆಯವರೆಗೂ ಆ ಅಂಗಡಿಯಲ್ಲೇ ಕೂತು ಗೀಚಿದಳು. ಅಕ್ಕ ಅವಳ ಹೆಗಲ ಮೇಲಿಂದ ಬಗ್ಗಿ, ಬೇಡವಾದದ್ದಕ್ಕೆ ತಲೆಗೊಂದು ಮೊಟಕುತ್ತಿದ್ದಳು.

ಆ ಮೂರನೆಯ ಕೀಬೋರ್ಡ್ ಹೇಗಿತ್ತೆಂದರೆ, ಕಡುನೀಲಿಯ ಮೇಲೆ ದಂತಬಣ್ಣದ ದುಂಡಗಿನ ಅಕ್ಷರಗಳು, ಒಂದೊಂದರ ಸುತ್ತ ಉಸಿರಾಡುವಷ್ಟು ಜಾಗ. ಸ್ವರಗಳೆಲ್ಲ ಎಡಗೈ ಕೆಳಗೆ, ವ್ಯಂಜನಗಳು ಬಲಗೈ ಕೆಳಗೆ, ಯಾವುದೂ ಎದ್ದು ಹೋಗುವುದಿಲ್ಲ. ಒತ್ತಕ್ಷರದ ಗುಂಡಿ ಹೆಬ್ಬೆರಳಿಗೆ ಸಿಗುವಷ್ಟು ಅಗಲ. ಊಹೆಯ ಪಟ್ಟಿ ಕೇಳಿದರೆ ಮಾತ್ರ ಬರುತ್ತಿತ್ತು. ಬೆರಳು ಸರಿಯಾಗಿ ಬಿದ್ದರೆ ಟ್ಯಾಬ್ ಒಂದು ಸಣ್ಣ ಕಂಪನ ಕೊಡುತ್ತಿತ್ತು. ನಾಲ್ಕು ಮೂಲೆಗಳಲ್ಲಿ ನಾಲ್ಕು ಸಿದ್ಧಮಾತು, ಒಂದೇ ಒತ್ತಿಗೆ ಇಡೀ ವಾಕ್ಯ ಹೇಳುವಂಥವು. ಯಾವ ಮೂಲೆಗೆ ಯಾವುದೆಂದು ಆರಿಸಿದವಳು ಅಕ್ಕ. ಟ್ಯಾಬಿಗೆ ರಬ್ಬರಿನ ಕಟ್ಟು ಹಾಕಿ, ಮೂಲೆಗಳಲ್ಲಿ ಬೆರಳಿಗೆ ತಾಕುವಂತೆ ಉಗುರಿನಷ್ಟು ಏಣು ಎಬ್ಬಿಸಿಕೊಟ್ಟವನು ಗಂಡ.

ಅದು ಕೈಗೆ ಬಂದ ಮೂರನೆಯ ದಿನ ಅಕ್ಕ ತಂಗಿಗೆ ಫೋನ್ ಮಾಡಿ, "ಹಲೋ" ಕೇಳಿದ ಕೂಡಲೇ ಎಡಗಡೆಯ ಕೆಳಮೂಲೆ ಒತ್ತಿದಳು. "ನಾನು ಕಣೇ, ಅಕ್ಕ. ಬರೀತಾ ಇದೀನಿ, ಫೋನ್ ಇಡಬೇಡ."

ತಂಗಿ, "ಇಡಲ್ಲ ಕಣೇ. ನೀನು ಬರಿ. ಸಂಜೆ ತನಕ ಬರಿ" ಎಂದಳು. ಈಜುಕೊಳದ ಗದ್ದಲ, ಮಕ್ಕಳ ಕೂಗು, ಎಲ್ಲವೂ ಫೋನಿನಲ್ಲಿ ಕೇಳುತ್ತಿದ್ದವು. ಯಾರೋ ಕರೆದರೆ, "ತಡೀರಿ, ನಮ್ಮಕ್ಕ ಮಾತಾಡ್ತಿದಾಳೆ" ಎಂದು ಗದರಿದ್ದೂ ಕೇಳಿಸಿತು. ನಲವತ್ತು ನಿಮಿಷ ಮಾತಾಯಿತು. ಕೊನೆಯ ಹತ್ತು ನಿಮಿಷ ಇಬ್ಬರೂ ಎಂದಿನಂತೆ ಜಗಳವಾಡಿದರು. ಫೋನಿಟ್ಟ ಮೇಲೆ ಅಕ್ಕ ಮುಖ ತೊಳೆದು ಬಂದಳು.

ಆದರೆ ಹುಡುಗಿಯ ಕಂಪನಿಯಲ್ಲಿ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಒಬ್ಬರಿಗಾಗಿ ಮಾಡಿದ್ದನ್ನು ಎಲ್ಲರಿಗೂ ಕೊಡಲಾಗದು, ನಮ್ಮ ಬೇರೆ ಕೆಲಸಗಳ ಪಕ್ಕದಲ್ಲಿ ಇದು ಒರಟಾಗಿ ಕಾಣುತ್ತದೆ, ಇಲ್ಲಿಗೇ ನಿಲ್ಲಿಸು ಎಂದನಂತೆ ಅಲ್ಲಿನ ಮುಖ್ಯಸ್ಥ. ಹುಡುಗಿ ಬಂದು ಸಪ್ಪೆ ಮುಖ ಹಾಕಿಕೊಂಡು ಹೇಳಿದಳು. ಅಕ್ಕ ಕೇಳಿದ್ದು ಒಂದೇ: "ನಿಮ್ಮ ಆಫೀಸಿಗೆ ಯಾವ ಬಸ್ಸು?"

ಗಂಡ ಅಂಗಡಿಗೆ ಬೀಗ ಹಾಕಿದ. ಆಫೀಸು ಮೂರನೆಯ ಮಹಡಿಯಲ್ಲಿತ್ತು. ಗಾಜಿನ ಗೋಡೆಯ ಕೋಣೆ, ಉದ್ದನೆಯ ಮೇಜು, ಏಳು ಜನ. ಮುಖ್ಯಸ್ಥ ನಲವತ್ತೈದರವನು, ಒಳ್ಳೆಯ ಮಾತಿನವನು. "ಬನ್ನಿ ಅಮ್ಮ, ನಿಮ್ಮಂಥವರು ಬಂದಿದ್ದು ಸಂತೋಷ" ಎಂದು ಕುರ್ಚಿ ಎಳೆದುಕೊಟ್ಟ.

ಅಕ್ಕ ಕೂರಲಿಲ್ಲ. ಟ್ಯಾಬ್ ಹೇಳಿತು: "ನೀವು ಕೂತ್ಕೊಳ್ಳಿ. ಹಿಂದಕ್ಕೆ ಒರಗಿ. ಗಲ್ಲ ಮೇಲೆತ್ತಿ, ಸೂರು ನೋಡಿ. ನಿಮ್ಮ ಚಂದದ ಕೀಬೋರ್ಡ್ ತೊಡೆ ಮೇಲೆ ಇಟ್ಕೊಳ್ಳಿ. ನಾನು ಚಿವುಟ್ತೀನಿ. ಬಾಯಿ ಬಿಡಬಾರದು. 'ನಿಲ್ಲಿಸಿ, ನೋಯ್ತಿದೆ' ಅಂತ ಬರೀರಿ. ಬರೆದ ಕೂಡಲೇ ಬಿಡ್ತೀನಿ."

ಕೋಣೆಯಲ್ಲಿ ನಗೆ ಹರಿಯಿತು. ಮುಖ್ಯಸ್ಥನೂ ನಗುತ್ತಲೇ ಗಲ್ಲ ಎತ್ತಿದ. ಅಕ್ಕ ಅವನ ಮುಂದೋಳು ಹಿಡಿದು ಚಿವುಟಿದಳು. ಸುಮ್ಮನೆ ಆಟಕ್ಕಲ್ಲ, ಸರಿಯಾಗಿಯೇ. ಅವನ ಬೆರಳು ಗಾಜಿನ ಮೇಲೆ ಓಡಾಡಿತು. ಟ್ಯಾಬ್ "ನಲ್ಲಿ" ಎಂದಿತು. ಮತ್ತೆ ಒತ್ತಿದ. "ನಲ್ಲಿ ನಲ್ಲಿ ನೋಟು" ಎಂದಿತು. ಯಾರೋ ಕಿಸಕ್ಕನೆ ನಕ್ಕರು. ಮುಖ್ಯಸ್ಥನ ಕಿವಿ ಕೆಂಪಾಗಿತ್ತು, ಆದರೆ ಒಪ್ಪಿಕೊಂಡ ಆಟಕ್ಕೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ. ಅರ್ಧ ನಿಮಿಷವಾಗುವ ಹೊತ್ತಿಗೆ ನಗೆಯೆಲ್ಲ ಅಡಗಿತು. ಅಕ್ಕ ತಾನಾಗಿಯೇ ಕೈ ಬಿಟ್ಟಳು.

ಬಳಿಕ ಅದೇ ಕುರ್ಚಿಯಲ್ಲಿ ತಾನು ಒರಗಿದಳು. ಕುತ್ತಿಗೆಯ ಬಟ್ಟೆ ಸರಿಸಿದಳು. ರಂಧ್ರ, ನಳಿಕೆ ಎಲ್ಲರಿಗೂ ಕಂಡಿತು. ಕಣ್ಣು ಸೂರಿನಲ್ಲಿತ್ತು. ಹೆಬ್ಬೆರಳು ಏಣು ಸಿಕ್ಕಿದ ಮೂಲೆಗೆ ಹೋಯಿತು. "ನಿಲ್ಲಿಸಿ, ನೋಯ್ತಿದೆ" ಎಂದಿತು ಟ್ಯಾಬ್, ತಕ್ಷಣ, ಸ್ಪಷ್ಟವಾಗಿ. ಆಮೇಲೆ ಹಾಗೇ ಸೂರು ನೋಡುತ್ತ, ಎರಡು ಕೈಯಲ್ಲಿ, ಅಕ್ಷರ ಅಕ್ಷರವಾಗಿ ಬರೆದಳು: "ಹೋದ ತಿಂಗಳು ನರ್ಸು ಟ್ಯೂಬ್ ಹಾಕುವಾಗ ಇದು ನನ್ನ ಹತ್ತಿರ ಇತ್ತು. ಅವಳಿಗೂ ಸಮಾಧಾನ, ನನಗೂ ಸಮಾಧಾನ. ನನ್ನ ಹಾಗೆ ಸೂರು ನೋಡ್ತಾ ಮಲಗಿರೋರು ಎಷ್ಟು ಜನ ಇದಾರೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಮುಖ್ಯಸ್ಥ ತೋಳು ಉಜ್ಜಿಕೊಂಡ. "ಹಳೇದನ್ನ ತೆಗೆಯೋಕೆ ಆಗಲ್ಲ ಅಮ್ಮ, ಅದನ್ನ ಇಷ್ಟಪಡೋರೂ ಇದಾರೆ" ಎಂದ. ಹುಡುಗಿಯ ಮುಖ ಬಾಡಿತು. "ಆದ್ರೆ ಇದೂ ಅದರ ಪಕ್ಕದಲ್ಲೇ ಇರಲಿ. ಹುಡುಕಿ ತೆಗೆಯೋ ಹಾಗಲ್ಲ, ತೆರೆದ ತಕ್ಷಣ ಮೊದಲ ಪುಟದಲ್ಲೇ. ಎಷ್ಟು ಜನ ಬೇಕು ನಿನಗೆ?" ಎಂದು ಹುಡುಗಿಯನ್ನು ಕೇಳಿದ. ಅವಳು ಇಬ್ಬರು ಸಾಕೆಂದಳು. ಅವನು ಮೂವರನ್ನು ಕೊಟ್ಟ.

ಬಸ್ ನಿಲ್ದಾಣದವರೆಗೆ ಹುಡುಗಿ ಜೊತೆಗೆ ಬಂದಳು. ದಾರಿಯಲ್ಲಿ, "ಅಮ್ಮ, 'ಥ್ಯಾಂಕ್ಸ್' ಅಂತ ಒಂದು ಸಿದ್ಧಮಾತು ಹಾಕಿಬಿಡ್ಲಾ? ನಿಮಗೆ ದಿನಾ ಬೇಕಾಗುತ್ತೆ" ಎಂದಳು.

ಅಕ್ಕ ಬೇಡವೆಂದು ತಲೆಯಾಡಿಸಿದಳು. ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯತೊಡಗಿದಳು. ಬಸ್ಸು ಬಂತು. ಗಂಡ ಹತ್ತಲೂ ಇಲ್ಲ, ಅವಳನ್ನು ಎಬ್ಬಿಸಲೂ ಇಲ್ಲ. ನೀವು ಹೋಗಿ ಎಂದು ಡ್ರೈವರಿಗೆ ಕೈಯಾಡಿಸಿದ. ಬಸ್ಸು ಹೋಯಿತು. ಆಮೇಲೆ ಟ್ಯಾಬ್ ಮಾತಾಡಿತು:

"ನಾನು ಸಿಟ್ಟಲ್ಲಿ ಕಾಗದ ಬರೆದೆ. ನೀನು ಸಿಟ್ಟಿಗೆ ಉತ್ತರ ಬರೀಲಿಲ್ಲ, ಎದ್ದು ಬಂದೆ. ನಿನ್ನ ಕೈಯಾರೆ ಮಾಡಿದ್ದನ್ನ ನಾನು ಹಳಿದೆ, ನೀನು ಕೇಳಿಸ್ಕೊಂಡೆ. ನನ್ನ ತಂಗಿ ಜೊತೆ ನಾನು ಮತ್ತೆ ಜಗಳ ಆಡ್ತಿದೀನಿ. ಅದು ನೀನು ಕೊಟ್ಟಿದ್ದು. ನೂರು ವರ್ಷ ಚೆನ್ನಾಗಿರು ಮಗಳೇ."

ಹುಡುಗಿ ಬಗ್ಗಿ ಅವಳ ಕೈ ಹಿಡಿದುಕೊಂಡಳು. "ನಾನು ಏಳು ವರ್ಷದಿಂದ ಕೀಬೋರ್ಡ್ ಮಾಡ್ತಿದೀನಿ ಅಮ್ಮ. ಯಾರ ಪಕ್ಕದಲ್ಲೂ ಕೂತು ನೋಡಿರಲಿಲ್ಲ. ನೀವು ಕರೀದೇ ಇದ್ದಿದ್ರೆ ನೋಡ್ತಾನೂ ಇರಲಿಲ್ಲ" ಎಂದಳು. ಅಕ್ಕ ಅವಳ ಕೆನ್ನೆ ತಟ್ಟಿ, ಆಫೀಸಿನ ಕಡೆಗೆ ತಿರುಗಿಸಿ ಬೆನ್ನಿಗೊಂದು ಮೆಲ್ಲನೆ ನೂಕು ಕೊಟ್ಟಳು.

ಮುಂದಿನ ಬಸ್ಸಿನಲ್ಲಿ ಜಾಗ ಸಿಕ್ಕಿತು. ಕಿಟಕಿಯ ಪಕ್ಕ ಕೂತು, ಟ್ಯಾಬಿನ ದನಿಯನ್ನು ಪಿಸುಮಾತಿನಷ್ಟು ತಗ್ಗಿಸಿ, ಅಕ್ಕ ಗಂಡನಿಗೂ ಒಂದು ಮಾತು ಬರೆದಳು. ಎರಡು ಸ್ಟಾಪು ಕಳೆಯಿತು. ಅವನು ಕಾದ.

"ಮನೆಗೆ ಬಂದೋರೆಲ್ಲ ನನ್ನ ಮಾತನ್ನ ಅರ್ಧದಲ್ಲೇ ಹಿಡ್ಕೊಂಡು ನೀರಾ, ನಿದ್ದೆನಾ ಅಂತ ಮುಗಿಸಿಬಿಡ್ತಿದ್ರು. ನೀವು ಒಂದು ಸಲಾನೂ ಮುಗಿಸಲಿಲ್ಲ ರೀ."

ಗಂಡ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಮುಗಿಸೋಕೆ, ನೀನು ಮುಂದೆ ಏನು ಹೇಳ್ತೀಯ ಅಂತ ನನಗೆ ಗೊತ್ತಿರಬೇಕಲ್ವಾ? ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ದಿನಾನೂ ಗೊತ್ತಾಗಿಲ್ಲ" ಎಂದ.

ಅಕ್ಕನ ಹೆಗಲೆರಡು ಕುಣಿದವು. ಮುಂದಿನ ಸೀಟಿನ ಹೆಂಗಸು ಏನಾಯಿತೋ ಎಂದು ತಿರುಗಿ ನೋಡಿದಳು. ಅಕ್ಕ ಅವಳಿಗೂ ಏನೋ ಹೇಳಬೇಕೆಂದು ಬರೆಯಲು ಶುರುಮಾಡಿದಳು, ಆ ಹೆಂಗಸು ಅರ್ಧ ತಿರುಗಿಕೊಂಡೇ ಕಾದು ಕೂತಳು.